ರೇಕು ಹಾರದಷ್ಟು ಮೆಲ್ಲಗೆ

ಆಗಸ್ಟ್ ೧೨, ಮಂಗಳವಾರ

ಡಾಕ್ಟರು ನನ್ನ ಗಂಟಲಿಗೆ ಬೀಗ ಜಡಿದು ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡಿದ್ದಾರೆ. ಒಳಗೆ ಬೆಳೆದಿದ್ದ ಗಂಟನ್ನು ತೆಗೆದಾಯಿತು. ಕೆಟ್ಟ ಜಾತಿಯದಲ್ಲ, ಕೂಗಿ ಕೂಗಿ ಬಂದದ್ದು. ಆದರೆ ಗಾಯ ಮಾಯುವ ತನಕ ಒಂದಕ್ಷರವೂ ಕೂಡದು. ಪಿಸುಗುಟ್ಟಿದರೆ ಇನ್ನೂ ಅಪಾಯವಂತೆ. 'ನಗು ಬಂದರೆ?' ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ.

"ನಿಮ್ಮ ಜೋಕಿಗೆ ನೀವೇ ನಗೋದು ಬಿಡಿ, ಅಷ್ಟಾದ್ರೆ ಸಾಕು" ಎಂದರು. ಈ ಮನುಷ್ಯ ನನ್ನನ್ನು ಬಲು ಬೇಗ ತೂಗಿಬಿಟ್ಟಿದ್ದಾರೆ.

ನಾನು ಹಣ್ಣಿನ ಮಂಡಿಯಲ್ಲಿ ಹರಾಜು ಕೂಗುವವನು. ಬುಟ್ಟಿ ಹೊರಲು ಸೇರಿ, ಗಂಟಲೊಂದನ್ನೇ ಬಂಡವಾಳ ಮಾಡಿಕೊಂಡು ಕೂಗುವ ಕಟ್ಟೆ ಹತ್ತಿದವನು. ಅಲ್ಲಿ ನನ್ನ ಹೆಸರೇ 'ಕಹಳೆ'. ಮೂರನೇ ಸಲ ಕೂಗಿ ಕೈ ತಟ್ಟಿದೆನೆಂದರೆ ಮುಗಿಯಿತು, ಆ ಮಾತನ್ನು ಯಾರೂ ಹಿಂದಕ್ಕೆ ತೆಗೆಸಲಾರರು.

ಚಿಂತೆ ಮಂಡಿಯದಲ್ಲ. ನವೆಂಬರಿನಲ್ಲಿ ಮಗಳ ಮದುವೆ. ನಿಕಾಹಿನಲ್ಲಿ ಹೆಣ್ಣಿನ ತಂದೆ ತನ್ನ ಬಾಯಿಂದಲೇ ಹೇಳುವ ವಾಕ್ಯವೊಂದಿದೆ: ನನ್ನ ಮಗಳನ್ನು ನಿನಗೆ ಕೊಟ್ಟೆ. ಅದನ್ನು ಮೈಕಿಲ್ಲದೆ, ಹಿಂದಿನ ಸಾಲಿನ ಅರೆಕಿವುಡರಿಗೂ ಮುಟ್ಟುವ ಹಾಗೆ ಹೇಳಬೇಕೆಂದು ಅವಳು ಹುಟ್ಟಿದ ದಿನದಿಂದ ನನಗೆ ಆಸೆ. 'ಆಗುತ್ತದೆಯೆ?' ಎಂದು ಬರೆದೆ. ಡಾಕ್ಟರು ಸ್ಲೇಟನ್ನು ನೋಡಿದರು, ನನ್ನನ್ನು ನೋಡಿದರು.

"ನೀವು ಸುಮ್ಮನಿದ್ರೆ ಆಗ್ಬಹುದು."

ಆಗದಿದ್ದರೆ ನನ್ನ ಪರವಾಗಿ ಭಾವಮೈದ ಹೇಳಬೇಕಾಗುತ್ತದೆ. ಅವನದು ಎಣ್ಣೆ ಕಾಣದ ಬಾಗಿಲಿನ ದನಿ.

ಬರುವ ದಾರಿಯಲ್ಲಿ ಈ ಪುಸ್ತಕ ಕೊಂಡೆ. ಒಳಗಿರುವ ಮಾತು ಎಲ್ಲಾದರೂ ಒಂದು ಕಡೆ ಹರಿಯಲೇಬೇಕಲ್ಲ.

ಆಗಸ್ಟ್ ೧೪, ಗುರುವಾರ

ಹೆಂಡತಿಯನ್ನು ಕರೆಯಲು ಒಂದು ಕೈಗಂಟೆ ತಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದರ ನಾಲಿಗೆ ಮಾಯವಾಗಿತ್ತು. ಸ್ಲೇಟಿನಲ್ಲಿ ಬರೆದು ಜಗಳಕ್ಕೆ ಹೋದರೆ ಅವಳು ಕನ್ನಡಕ ತೆಗೆದಿಟ್ಟು, "ರೀ, ನಂಗೆ ಅಕ್ಷರ ಕಾಣ್ತಿಲ್ಲ" ಎನ್ನುತ್ತಾಳೆ. ಜಗಳವಾಡಲು ಇಷ್ಟು ಸುಲಭದ ಗಂಡ ಅವಳಿಗೆ ಈವರೆಗೆ ಸಿಕ್ಕಿರಲಿಲ್ಲ.

ಮಂಡಿಯಿಂದ ನನ್ನ ಲೆಕ್ಕದ ಕರ್ಬೂಜ ಬಂತು. ಮಂಡಿಗೆ ಆ ಹಣ್ಣು ಬಂದಾಗಲೆಲ್ಲ ಒಳ್ಳೆಯದೊಂದನ್ನು ಆರಿಸಿ ಅವಳಿಗಾಗಿ ಮನೆಗೆ ಕಳಿಸುವುದನ್ನು ಮದುವೆಯಾದಾಗಿನಿಂದ ತಪ್ಪಿಸಿಲ್ಲ. ಕರ್ಬೂಜ ಎಂದರೆ ಅವಳಿಗೆ ಪ್ರಾಣ.

ಮಗಳು ಕೆಲಸ ಮುಗಿಸಿ ಬಂದು, "ಅಪ್ಪಾ, ನಿಮ್ಮ ಹತ್ರ ಒಂದು ವಿಷಯ" ಎಂದು ಕುಳಿತಳು. ಖರ್ಚಿನ ವಿಷಯವಿರಬೇಕೆಂದು, 'ಎಲ್ಲ ವ್ಯವಸ್ಥೆಯಾಗಿದೆ, ಚಿಂತೆ ಬೇಡ' ಎಂದು ಬರೆದು ಸ್ಲೇಟು ಎತ್ತಿ ತೋರಿಸಿದೆ. ಓದಿ, "ಸರಿ ಅಪ್ಪಾ" ಎಂದು ಎದ್ದುಹೋದಳು. ಅವಳು ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್. ಮಂಡಿಯಲ್ಲಿ ಕೇಳಿದವರಿಗೆ 'ಆಫೀಸಿನಲ್ಲಿದ್ದಾಳೆ' ಎನ್ನುತ್ತೇನೆ. ಆಫೀಸಿನ ಲಿಫ್ಟಿನ ಮೇಲಿರುತ್ತಾಳೆ ಎನ್ನುವುದನ್ನು ಸೇರಿಸುವುದಿಲ್ಲ. ಹೇಗೂ ಮದುವೆಯ ತನಕ ತಾನೆ. ಮಾತುಕತೆಯ ದಿನ ಬೀಗರಾಗುವವರು, "ಮದುವೆ ಆದ್ಮೇಲೆ ಹುಡುಗಿ ಕೆಲಸ..." ಎಂದು ಶುರುಮಾಡುವಷ್ಟರಲ್ಲಿ ನಾನು, "ಬಿಡ್ತಾಳೆ ಬಿಡಿ, ಅದೇನು ದೊಡ್ಡ ವಿಷಯ" ಎಂದು ಮುಗಿಸಿದ್ದೆ. ಕಾಫಿ ಆರುವುದರೊಳಗೆ ಸಂಬಂಧ ಕುದುರಿತು. ಅದಕ್ಕೇ ಹೇಳುವುದು, ಎದುರಿನವರಿಗೆ ಯೋಚಿಸಲು ಬಿಡುವು ಕೊಡಬಾರದು.

ಆಗಸ್ಟ್ ೨೦, ಬುಧವಾರ

ಹೆಂಡತಿ ನನ್ನನ್ನು ತನ್ನ ತಂಗಿಗೆ ದಾಟಿಸಿದ್ದಾಳೆ, ಅಕ್ಕಪಕ್ಕದವರಿಗೆ ಹಳೆಯ ಕಪಾಟು ದಾಟಿಸುವ ಹಾಗೆ. "ಬೆಳಿಗ್ಗೆ ಕರ್ಕೊಂಡು ಹೋಗು, ಸಂಜೆ ಕಳ್ಸು. ಮಧ್ಯದಲ್ಲಿ ಏನಾದ್ರೂ ಕಲಿಸು."

ನಾದಿನಿ ಮಾಡುವ ಕೆಲಸವನ್ನು ನಾನು ಈ ತನಕ 'ಕಾರ್ಡಿಗೆ ಬಣ್ಣ ಹಚ್ಚುವುದು' ಎಂದೇ ಲೆಕ್ಕಕ್ಕೆ ಹಿಡಿದಿದ್ದೆ. ಅಲ್ಲವಂತೆ. ಕೈಬರಹದ ಕುರ್‌ಆನು, ಪ್ರಾರ್ಥನೆಯ ಪುಸ್ತಕ, ನಿಕಾಹ್ ಪತ್ರ ಇಂಥವುಗಳ ಅಂಚಿಗೆ, ಸಾಲುಗಳ ನಡುವೆ, ವಾಕ್ಯ ಮುಗಿದಲ್ಲಿ ಚಿನ್ನದಿಂದ ಹೂಬಳ್ಳಿ ಬರೆಯುವ ಕೆಲಸ. ತಜ್‌ಹೀಬ್ ಎಂದು ಅದರ ಹೆಸರು, ಹೊನ್ನು ಹಾಕುವುದು ಎಂದರ್ಥ. ಅಕ್ಷರ ಬರೆಯುವವರು ಅವಳ ಗಂಡ, ಅಂದರೆ ನನ್ನ ಷಡ್ಡಕ. ಅವರು ಬರೆದು ಮುಗಿಸಿದ ಮೇಲೆ ಹಾಳೆ ಇವಳ ಕೈಗೆ ಬರುತ್ತದೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕಿಟಕಿಗಳು ಮುಚ್ಚಿವೆ, ಫ್ಯಾನು ಇದೆ, ತಿರುಗುವುದಿಲ್ಲ. ಗೋಡೆಯ ಮೇಲೆ 'ಇಲ್ಲಿ ಮಾತು ಬೇಡ' ಎಂಬ ಬೋರ್ಡು. ನನ್ನನ್ನು ನೋಡಿದ್ದೇ ನಾದಿನಿ ಕೈ ಜೋಡಿಸಿದಳು. "ಭಾವ, ಈ ಕೋಣೆಗೆ ಹೇಳಿ ಮಾಡಿಸಿದ ಶಿಷ್ಯ ನೀವು. ಆಪರೇಷನ್ ಮಾಡಿಸ್ಕೊಂಡೇ ಬಂದಿದೀರಿ."

ನಗು ಬಂತು. ಅದನ್ನು ನುಂಗಲು ನೀರು ಕುಡಿದೆ.

ಕುಂಚ ಹಿಡಿಯಲು ಕೊಡಲಿಲ್ಲ. ಮೊಟ್ಟೆಯ ಬಿಳಿಗೆ ಪಟಿಕ ಸೇರಿಸಿ ಹಾಳೆಗೆ ಬಳಿದು ಒಣಗಿಸಿಟ್ಟಿದ್ದಾಳೆ. ಅದನ್ನು ನುಣುಪುಗಲ್ಲಿನಿಂದ ಉಜ್ಜಬೇಕು, ಉಜ್ಜುತ್ತಲೇ ಇರಬೇಕು. "ಇದ್ಯಾಕೆ ಭಾವ ಅಂದ್ರೆ, ಶಾಯಿ ಬಣ್ಣ ಎಲ್ಲಾ ಈ ಪೊರೆ ಮೇಲೇ ಕೂರುತ್ತೆ, ಕಾಗದದೊಳಗೆ ಇಳಿಯಲ್ಲ. ತಪ್ಪಾದ್ರೆ ಒದ್ದೆ ಹತ್ತೀಲಿ ಒರೆಸಿ ತೆಗೀಬಹುದು." ಹಾಗೆ ಬಳಿದ ಹಾಳೆ ಒಂದು ವರ್ಷವಾದರೂ ಸುಮ್ಮನೆ ಮಲಗಿರಬೇಕಂತೆ, ಆಮೇಲೇ ಬರೆಯಲು ಯೋಗ್ಯ. ನಮ್ಮ ಮಂಡಿಯಲ್ಲಿ ಸರಕು ಒಂದು ಹಗಲು ಮಲಗಿದರೆ ಕಸದ ಗಾಡಿ ಹತ್ತುತ್ತದೆ.

ಭುಜ ಬಿದ್ದುಹೋಗಿದೆ. ಇಡೀ ದಿನಕ್ಕೆ ಒಂದು ಹಾಳೆ ಉಜ್ಜಿದೆ. ಅದನ್ನೂ ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ಬೆಕ್ಕು ಕೂತ್ಕೊಳ್ಳೋಕೆ ಆಗುತ್ತೆ" ಎಂದಳು.

ಆಗಸ್ಟ್ ೨೭, ಬುಧವಾರ

ಇವತ್ತು ಚಿನ್ನ ಅರೆದೆ. ಬಡಿದು ಬಡಿದು ಉಸಿರಿಗಿಂತ ತೆಳ್ಳಗಾದ ಚಿನ್ನದ ರೇಕನ್ನು ಪಿಂಗಾಣಿ ತಟ್ಟೆಗೆ ಹಾಕಿ, ಒಂದು ತೊಟ್ಟು ಜೇನು ಬಿಟ್ಟು ಬೆರಳ ತುದಿಯಿಂದ ಅರೆಯುತ್ತಾ ಹೋಗಬೇಕು. ಮೊದಲು ಹೊಳೆಯುತ್ತದೆ. ಆಮೇಲೆ ಹೊಳಪೆಲ್ಲ ಹೋಗಿ ಕಂದು ಕೆಸರಾಗುತ್ತದೆ. ಚಿನ್ನವನ್ನು ಕೆಸರು ಮಾಡಿ ಖುಷಿಪಡುವ ಕಸುಬನ್ನು ನಾನು ಬೇರೆಲ್ಲೂ ಕಂಡಿಲ್ಲ. ನೀರು ಹುಯ್ದು ತೊಳೆದು, ತಳಕ್ಕಿಳಿದ ಮೇಲೆ ನೀರು ಬಸಿದು, ಜಾಲಿಯಂಟು ಬೆರೆಸಿದರೆ ಕುಂಚಕ್ಕೆ ತಯಾರು. ಹಾಳೆಗೆ ಹಚ್ಚಿ ಒಣಗಿದ ಮೇಲೆ ಕಲ್ಲಿನಿಂದ ತಿಕ್ಕಿದರೆ ಹೋದ ಹೊಳಪು ವಾಪಸ್ಸು ಬರುತ್ತದೆ, ಬಡ್ಡಿ ಸಮೇತ.

ಅರೆಯುವಾಗ ಬೆರಳಿಗೆ ಮಾತ್ರ ಕೆಲಸ, ಕಿವಿ ಖಾಲಿ. ಸ್ಲೇಟು ಹಿಡಿಯಲು ಕೈಯೂ ಇರುವುದಿಲ್ಲ. ನಾದಿನಿ ತಾನೇ ಹಾಕಿದ ಬೋರ್ಡನ್ನು ಮರೆತು ಮಾತಾಡುತ್ತಾಳೆ. ಈ ಕಸುಬು ಕಲಿಯಲು ಮನೆಯಲ್ಲಿ ಮೊದಲು ಒಪ್ಪಿರಲಿಲ್ಲವಂತೆ, ನನ್ನ ಹೆಂಡತಿಯೇ ತನ್ನ ಬಳೆ ಕೊಟ್ಟು ಮೊದಲ ರೇಕಿನ ಕಟ್ಟು ತರಿಸಿದ್ದಂತೆ. ಆ ಬಳೆ ಕಳೆದುಹೋಯಿತೆಂದು ನನಗೆ ಹೇಳಿದ್ದಳು. ನಾನೇ ಮನೆಯೆಲ್ಲ ಗುಡಿಸಿ ಹುಡುಕಿದ್ದೆ!

ಸೆಪ್ಟೆಂಬರ್ ೩, ಬುಧವಾರ

ಸೀನಿದೆ.

ಇಡೀ ರೇಕನ್ನು ಹಾಳೆಗೆ ಅಂಟಿಸುವುದು ಹೇಗೆಂದು ತೋರಿಸುತ್ತಿದ್ದಳು. ರೇಕು ಎದ್ದಿತು, ಕೋಣೆಯಲ್ಲಿ ಒಂದು ಸುತ್ತು ಹಾಕಿತು, ಅಳೆದು ತೂಗಿ ಷಡ್ಡಕರ ಗಡ್ಡದ ಮೇಲೆ ಇಳಿಯಿತು. ಉಳಿದ ಚೂರು ನಾದಿನಿ ಸಾಕಿದ ಬೆಕ್ಕಿನ ಕಿವಿಗೆ. ಷಡ್ಡಕರು ಕಣ್ಣು ಮಾತ್ರ ಆಡಿಸಿ, "ತೆಗೀಬೇಡಿ, ಇರಲಿ. ಮದುವೆಗೆ ಹೀಗೇ ಬರ್ತೀನಿ" ಎಂದರು. ನಾನು ಎರಡು ಲೋಟ ನೀರು ಕುಡಿಯಬೇಕಾಯಿತು.

"ಭಾವ, ಉಸಿರಲ್ಲಿ ಎರಡು ಥರ ಇದೆ" ಎಂದಳು ನಾದಿನಿ. "ಒಂದು ಊದೋದು. ಅದು ರೇಕನ್ನ ಹಾರಿಸುತ್ತೆ. ಇನ್ನೊಂದು, ಚಳೀಲಿ ಕೈ ಬೆಚ್ಚಗೆ ಮಾಡ್ಕೊಳ್ಳೋಕೆ 'ಹಾ' ಅಂತೀವಲ್ಲ, ಅದು. ಹಚ್ಚಿದ ಅಂಟಿನ ಮೇಲೆ ಅದನ್ನ ಬಿಡಿ. ಅಂಟು ಮೆತ್ತಗಾಗಿ ರೇಕನ್ನ ತಾನೇ ಹಿಡ್ಕೊಳ್ಳುತ್ತೆ."

ದನಿಯಿಲ್ಲದ 'ಹಾ'. ಇಡೀ ಮಧ್ಯಾಹ್ನ ಅದನ್ನೇ ಮಾಡಿದೆ. ಕೊನೆಗೊಂದು ಸಲ ರೇಕು ಕದಲದೆ ಕುಳಿತಿತು, ಮಗು ನಿದ್ದೆಹೋದ ಹಾಗೆ.

ಸೆಪ್ಟೆಂಬರ್ ೧೦, ಬುಧವಾರ

ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, "ಚೆನ್ನಾಗಿ ಮಾಯ್ತಿದೆ. ಈಗ ಒಂದು ವ್ಯಾಯಾಮ. ದನಿ ಇಲ್ದೆ, ಕತ್ತು ಬಿಗೀದೆ, ಬೆಚ್ಚಗೆ ಉಸಿರು ಬಿಡಬೇಕು. ಕನ್ನಡಕ ಒರೆಸೋವಾಗ ಬಿಡ್ತೀವಲ್ಲ, ಹಾಗೆ" ಎಂದರು. ನಾನು ಮಾಡಿ ತೋರಿಸಿದೆ. ಕುರ್ಚಿಯಿಂದ ಎದ್ದುಬಿಟ್ಟರು. "ಎಲ್ಲಿ ಕಲಿತ್ರಿ ಇದನ್ನ?"

'ಸೈಕಲ್ ಅಂಗಡಿಯ ಮೇಲೆ' ಎಂದು ಬರೆದೆ.

ಸೆಪ್ಟೆಂಬರ್ ೨೨, ಸೋಮವಾರ

ದೊಡ್ಡ ಸುದ್ದಿ. ಮಗಳ ನಿಕಾಹ್ ಪತ್ರದ ಅಂಚನ್ನು ನಾನೇ ಬರೆಯುತ್ತೇನೆ! ಮೊದಲು ನಾದಿನಿ ಒಪ್ಪಲಿಲ್ಲ. ಮಾದರಿ ಹಾಳೆಯಲ್ಲಿ ಒಂದು ಬಳ್ಳಿ ಬರೆದು ತೋರಿಸಿದ ಮೇಲೆ, "ಸರಿ, ತಪ್ಪಾದ್ರೆ ಹತ್ತಿ ಇದೆಯಲ್ಲ" ಎಂದಳು.

ಷಡ್ಡಕರು ಹಾಳೆ ತಂದರು. ನೋಡಿ ಬಾಯಿ ಬಿಟ್ಟುಕೊಂಡೆ, ಬಿಟ್ಟರೂ ಪ್ರಯೋಜನವಿಲ್ಲದ ಬಾಯಿ. ನಡುವೆ ಕಪ್ಪು ಶಾಯಿಯಲ್ಲಿ ಬರಹ, ಗಂಡಿನ ಹೆಸರು, ಹೆಣ್ಣಿನ ಹೆಸರು, ತಂದೆ ಎಂದು ನನ್ನ ಹೆಸರು. ಸುತ್ತ ಅಂಚಿಗೆ ಜಾಗ, ತುದಿಯಲ್ಲಿ ದುಂಡನೆಯ ಹೂವಿಗೆ ಜಾಗ. ಅಕ್ಷರದ ಕೆಳಗೆ ಒಂದು ಅಡ್ಡ ಪಟ್ಟಿಯೂ ಖಾಲಿ ಇತ್ತು.

ನಕ್ಷೆ ಇಡೀ ಬರೆಯಬೇಕಿಲ್ಲ. ಕಾಲು ಭಾಗ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಹಾಳೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟುವುದು, ಮಗುಚಿ ಇನ್ನೊಂದು ಕಡೆಗೆ ತಟ್ಟುವುದು. ಒಂದು ಮೂಲೆಯ ದುಡಿಮೆಗೆ ನಾಲ್ಕು ಮೂಲೆಯ ಫಸಲು! ಇಂಥ ವ್ಯಾಪಾರ ನನಗೆ ಪ್ರಾಣ. ಇದನ್ನೇ ಹೊಗಳಿ ಸ್ಲೇಟಿನಲ್ಲಿ ಒಂದು ಒಳ್ಳೆಯ ಮಾತು ಬರೆಯುತ್ತಿದ್ದೆ. ಅಷ್ಟರಲ್ಲಿ ನಾದಿನಿ ಕೆಳಗಿನ ಪಟ್ಟಿಯ ಮೇಲೆ ಬೆರಳಿಟ್ಟು ಏನೋ ಹೇಳುತ್ತಿದ್ದಳು. ನಾನು ತಲೆಯಾಡಿಸಿದೆ. ಸ್ಲೇಟಿನ ಮಾತು ಚೆನ್ನಾಗಿ ಬಂದಿತ್ತು, ಷಡ್ಡಕರು ಎರಡು ಸಲ ಓದಿ ನಕ್ಕರು.

ನಾಳೆಯಿಂದ ನಾದಿನಿ ಊರಲ್ಲಿರುವುದಿಲ್ಲ. ಯಾವುದೋ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ಸರಿಮಾಡಲು ಕರೆ ಬಂದಿದೆ, ಸ್ವಲ್ಪ ದಿನದ ಕೆಲಸ. ಕೋಣೆಯ ಕೀಲಿ ನನಗೆ. ಬೆಕ್ಕೂ ನನಗೆ.

ಅಕ್ಟೋಬರ್ ೩, ಶುಕ್ರವಾರ

ಅಂಚು ಮುಗಿಯಿತು. ಬಳ್ಳಿ ಎಲ್ಲೂ ಅಕ್ಷರವನ್ನು ಮುಟ್ಟಿಲ್ಲ. ಮುಟ್ಟಬಾರದು, ಅದು ಈ ಕಸುಬಿನ ಮೊದಲ ಕಟ್ಟಳೆ. ಕಲ್ಲಿನಿಂದ ತಿಕ್ಕಿ ಹೊಳಪು ಬರಿಸಿದೆ, ಬೆಳಗಿನ ಬೆಳಕು ಬಿದ್ದರೆ ಕಣ್ಣು ಕಿರಿದು ಮಾಡಬೇಕು.

ಆದರೆ ಆ ಕೆಳಗಿನ ಖಾಲಿ ಪಟ್ಟಿ ಕಣ್ಣಿಗೆ ಚುಚ್ಚುತ್ತಿತ್ತು. ತುಂಬಿದ ಮಂಡಿಯಲ್ಲಿ ಒಂದು ಬರಿಬುಟ್ಟಿ ಇಟ್ಟ ಹಾಗೆ. ಬರಿಬುಟ್ಟಿ ನೋಡಿದರೆ ಗಿರಾಕಿಗೆ ಅನುಮಾನ ಬರುತ್ತದೆ. ನಿನ್ನೆ ಇವತ್ತು ಕುಳಿತು ತುಂಬಿಬಿಟ್ಟೆ. ಹೂವಿನೊಳಗೆ ಹೂವು, ಎಲೆಯ ಬೆನ್ನಿಗೆ ಎಲೆ, ಸೂಜಿಮೊನೆಯಷ್ಟೂ ಜಾಗ ಬಿಟ್ಟಿಲ್ಲ. ಇಡೀ ಹಾಳೆಯಲ್ಲಿ ಅದರಷ್ಟು ಚೆಂದದ ತುಣುಕು ಬೇರೆಯಿಲ್ಲ. ನಾನೇ ಹೇಳುತ್ತಿದ್ದೇನೆ, ಏಕೆಂದರೆ ಹೇಳಲು ಇಲ್ಲಿ ಬೆಕ್ಕು ಬಿಟ್ಟರೆ ಯಾರೂ ಇಲ್ಲ.

ಅಕ್ಟೋಬರ್ ೯, ಗುರುವಾರ

ಮಗಳು ಹಾಳೆ ನೋಡಲು ಬಂದಿದ್ದಳು, ಕೆಲಸದ ಬಟ್ಟೆಯಲ್ಲೇ, ಕೈ ಗ್ರೀಸಾಗಿದ್ದರಿಂದ ಬೆನ್ನ ಹಿಂದೆ ಕಟ್ಟಿಕೊಂಡು. ಮೇಲಿನಿಂದ ನೋಡುತ್ತಾ ಬಂದಳು. ಕೆಳಗಿನ ಪಟ್ಟಿಗೆ ಬಂದಾಗ ನಿಂತಳು.

"ಚೆನ್ನಾಗಿದೆ ಅಪ್ಪಾ."

ಆ ದನಿ ನನಗೆ ಗೊತ್ತು. ಮಂಡಿಯಲ್ಲಿ ಕೊಳ್ಳಬೇಕೆಂದು ಬಂದು, ಸರಕು ಬೇರೆಯವರ ಪಾಲಾದಾಗ ಆಡುವ ದನಿ. ಏನಾಯಿತು ಎಂದು ಸ್ಲೇಟು ಹುಡುಕುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಎಲ್ಲೋ ಲಿಫ್ಟು ಎರಡು ಮಹಡಿಗಳ ಮಧ್ಯೆ ನಿಂತಿದೆಯಂತೆ, ಒಳಗೆ ಒಬ್ಬ ಅಜ್ಜಿ. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಳು.

ಅಕ್ಟೋಬರ್ ೧೦, ಶುಕ್ರವಾರ

ನಾದಿನಿ ವಾಪಸ್ಸು ಬಂದಳು. ಚೀಲ ಕೂಡ ಇಳಿಸದೆ ಹಾಳೆ ನೋಡಿದಳು. ಅಂಚು ನೋಡುವಾಗ ಅವಳ ಹುಬ್ಬು ಮೇಲೆ ಹೋಯಿತು, ಮೆಚ್ಚಿಗೆಯಿಂದ. ಪಟ್ಟಿ ನೋಡುವಾಗ ಅಲ್ಲೇ ಉಳಿಯಿತು.

"ಭಾವ, ಇದನ್ನ ಬಿಡಿ ಅಂತ ಹೇಳಿದ್ನಲ್ಲ. ನೀವು ತಲೆ ಆಡಿಸಿದ್ರಲ್ಲ."

'ಏನಿತ್ತು ಅಲ್ಲಿ?' ಎಂದು ಬರೆದೆ.

"ಏನೂ ಇರ್ಲಿಲ್ಲ. ಇರಬೇಕಾಗಿತ್ತು. ನಿಕಾಹಿಗೆ ಹೆಣ್ಣು ಹಾಕೋ ಷರತ್ತು ಬರೆಸೋ ಜಾಗ ಅದು. ಮಿಕ್ಕಿದ್ದು ಅವಳ ಬಾಯಲ್ಲೇ ಕೇಳಿ."

ಸಂಜೆ ಮಗಳು ಬಂದಾಗ ನಾನು ಚಿನ್ನ ಅರೆಯುತ್ತಿದ್ದೆ. ಎರಡೂ ಕೈಗೆ ಜೇನು, ಸ್ಲೇಟು ಗೋಡೆಯ ಹತ್ತಿರ. ಹೇಳು ಎಂದು ಗದ್ದ ಎತ್ತಿದೆ. ಹೇಳಿದಳು.

"ಮದುವೆ ಆದ್ಮೇಲೂ ನಾನು ಲಿಫ್ಟ್ ಕೆಲಸ ಬಿಡಲ್ಲ ಅಪ್ಪಾ. ಅದನ್ನೇ ಆ ಪಟ್ಟೀಲಿ ಬರೆಸ್ಬೇಕು ಅಂತ ಚಿಕ್ಕಪ್ಪನ ಹತ್ರ ಜಾಗ ಬಿಡಿಸಿದ್ದೆ. ನನ್ನ ಮದುವೆ ಆಗೋರಿಗೆ ಇದು ಗೊತ್ತು, ಅವರು ಹೂಂ ಅಂದಿದಾರೆ. ಆದ್ರೆ ಅವರ ಅಪ್ಪನಿಗೆ ನೀವು ಮಾತು ಕೊಟ್ಟಿದೀರಿ. ನೀವು ಮೂರನೇ ಸಲ ಕೂಗಿದ್ದನ್ನ ವಾಪಸ್ ತಗೊಂಡಿದ್ದು ನಾನು ನೋಡೇ ಇಲ್ಲ. ಹೇಳ್ಬೇಕು ಅಂತ ಎಷ್ಟು ಸಲ ಬಂದೆ ಗೊತ್ತಾ?"

ಬಾಯಿ ತೆರೆದೆ. ಒಳಗೆ ಉತ್ತರಗಳು ಸಾಲುಗಟ್ಟಿ ನಿಂತಿದ್ದವು, ಒಂದಕ್ಕಿಂತ ಒಂದು ಜೋರು. ಡಾಕ್ಟರು ನೆನಪಾದರು. ಮುಚ್ಚಿದೆ.

ಅವಳು ಮುಂದುವರಿಸಿದಳು. ಸಿಕ್ಕಿಹಾಕಿಕೊಂಡವರ ಜೊತೆ ಬಾಗಿಲಿನ ಸಂದಿಯಿಂದ ಮಾತಾಡುತ್ತಾಳಂತೆ, ಅವರ ಹೆಸರು ಕೇಳುತ್ತಾಳಂತೆ, ಏನಾದರೂ ತಮಾಷೆ ಹೇಳಿ ನಗಿಸುತ್ತಾಳಂತೆ. "ಮೆಕ್ಯಾನಿಕ್ ಕೆಲಸ ಯಾರು ಬೇಕಾದ್ರೂ ಕಲೀಬಹುದು ಅಪ್ಪಾ. ಭಯಪಟ್ಟೋರ ಹತ್ರ ಮಾತಾಡೋದು ಎಲ್ರಿಗೂ ಬರಲ್ಲ. ಅದು ನಂಗೆ ನಿಮ್ಮಿಂದ ಬಂದಿರೋದು."

ಚಿನ್ನ ಕೆಸರಿನ ಹಂತ ದಾಟಿ ಹೋಗಿತ್ತು, ನಾನು ನೋಡಿಕೊಂಡಿರಲಿಲ್ಲ. ಇಷ್ಟು ನುಣ್ಣಗೆ ಈ ತನಕ ಅರೆದಿಲ್ಲ.

ಅಕ್ಟೋಬರ್ ೧೧, ಶನಿವಾರ

ಬೇರೆ ಹಾಳೆಯಲ್ಲಿ ಹೊಸದಾಗಿ ಬರೆಸೋಣವೆಂದರೆ, ವರ್ಷ ಮಲಗಿದ ಹಾಳೆ ಇನ್ನೊಂದಿಲ್ಲ. ಷರತ್ತನ್ನಷ್ಟೇ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ? ಷಡ್ಡಕರು ಗಡ್ಡ ಸವರಿಕೊಂಡರು. "ಬರೀಬಹುದು. ಆದ್ರೆ ಬೇರೆ ಚೀಟಿ ಬೇರೇನೇ ಆಗಿರುತ್ತೆ."

ಉಳಿದದ್ದು ಹತ್ತಿ.

ಅಕ್ಟೋಬರ್ ೧೩, ಸೋಮವಾರ

ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನೀರಿಗೆ ಮುಟ್ಟಿಸಿ, ಹಿಂಡಿ, ಒಂದು ಎಲೆಯ ಮೇಲೆ ಉರುಳಿಸುವುದು. ಉಜ್ಜಿದರೆ ಮೊಟ್ಟೆಯ ಪೊರೆ ಕಿತ್ತು ಬರುತ್ತದೆ, ಆಮೇಲೆ ಅಲ್ಲಿ ಶಾಯಿ ಹರಡುತ್ತದೆ, ಬರೆಯಲಾಗುವುದಿಲ್ಲ. ಒಂದು ಎಲೆ, ಒಂದು ಹತ್ತಿ. ಚಿನ್ನ ಹಾಕುವುದಕ್ಕಿಂತ ತೆಗೆಯುವುದಕ್ಕೆ ಹೆಚ್ಚು ಹೊತ್ತು ಬೇಕು. ನಾದಿನಿ ತಾನು ಮಾಡುತ್ತೇನೆಂದಳು. ಕೊಡಲಿಲ್ಲ.

ಅಕ್ಟೋಬರ್ ೧೫, ಬುಧವಾರ

ಅರ್ಧ.

ಅಕ್ಟೋಬರ್ ೧೬, ಗುರುವಾರ

ಡಾಕ್ಟರು ಬೀಗ ತೆಗೆದರು, ಬಾಗಿಲು ಪೂರ್ತಿ ತೆರೆಯಲಿಲ್ಲ. ದಿನಕ್ಕೆ ಕೆಲವೇ ವಾಕ್ಯ, ಅದೂ ಮೆಲ್ಲಗೆ. ಮೊದಲ ಮಾತು ಯಾರಿಗೆಂದು ಹೆಂಡತಿ ಕಾದಿದ್ದಳು. ನಾನು ನೇರ ಬೀಗರ ಮನೆಗೆ ಹೋದೆ.

ಬೀಗರದು ಡ್ರೈವಿಂಗ್ ಸ್ಕೂಲು. ಆ ಮನೆಯಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುವುದು, ಎಂಜಿನ್ನಿನ ಸದ್ದಿಗೆ ಅಭ್ಯಾಸವಾದವರು. ನನ್ನ ದನಿ ಕೇಳಲು ಗಂಡ ಹೆಂಡತಿ ಇಬ್ಬರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ನನ್ನ ಮಗಳು ಕೆಲಸ ಬಿಡಲ್ಲ. ಬಿಡ್ತಾಳೆ ಅಂತ ನಾನು ಅವಳನ್ನ ಕೇಳ್ದೆ ಹೇಳಿದ್ದೆ. ಆ ಮಾತು ವಾಪಸ್ ತಗೋತೀನಿ."

ಇವತ್ತಿನ ಪಡಿತರ ಅಷ್ಟಕ್ಕೇ ಮುಗಿಯಿತು. ಗಂಟಲು ಹಿಡಿದುಕೊಂಡು ಕುಳಿತೆ.

ಬೀಗರು ಹೆಂಡತಿಯ ಮುಖ ನೋಡಿದರು. ಬೀಗಿತ್ತಿ, "ರಾತ್ರಿ ಹೊತ್ತು ಕರೆ ಬಂದ್ರೆ ಹೋಗ್ಬೇಕಾಗುತ್ತಂತಲ್ಲ, ಹೆಣ್ಣುಮಗು" ಎಂದರು. ನಾನು ಸುಮ್ಮನಿದ್ದೆ. "ಮನೆ ಯಾರು ನೋಡ್ಕೊಳ್ತಾರೆ?" ಎಂದರು. ಸುಮ್ಮನಿದ್ದೆ. ಬೇರೆ ದಾರಿಯಿರಲಿಲ್ಲ. ಬೀಗರು, "ನಮ್ಮ ಮಗನೂ ಕೈಕಾಲು ಇರೋನೇ ತಾನೆ" ಎಂದರು. "ಹಾಗಲ್ಲ, ಜನ ಏನಂತಾರೆ" ಎಂದರು ಬೀಗಿತ್ತಿ. "ನೀನು ನನ್ನ ಸ್ಕೂಲಲ್ಲಿ ಹೆಂಗಸ್ರಿಗೆ ಲಾರಿ ಕಲಿಸೋಕೆ ಶುರು ಮಾಡ್ದಾಗ ಜನ ಏನಂದ್ರು?" ಎಂದರು ಬೀಗರು. ಬೀಗಿತ್ತಿ, "ಏನೇನೋ ಅಂದ್ರು. ಆಮೇಲೆ ಅವರ ಹೆಂಡ್ತೀರ್ನೇ ಕಳ್ಸಿದ್ರು" ಎಂದು ನಕ್ಕುಬಿಟ್ಟರು. ಅವರಿಬ್ಬರೇ ಚೌಕಾಸಿ ಮಾಡಿಕೊಂಡು ಅವರಿಬ್ಬರೇ ಒಪ್ಪಿದರು. ನಾನು ಕೈ ತಟ್ಟುವುದೊಂದೇ ಬಾಕಿ.

ಹೊರಡುವಾಗ ಬೀಗರು ಹೆಗಲ ಮೇಲೆ ಕೈ ಹಾಕಿದರು. "ಒಂದು ಮಾತು. ಅವತ್ತು ನಾನು ಕೇಳೋಕೆ ಹೊರಟಿದ್ದು, 'ಹುಡುಗಿ ಕೆಲಸಕ್ಕೆ ಇಲ್ಲಿಂದ ದೂರ ಆಗುತ್ತಲ್ಲ, ಒಂದು ಗಾಡಿ ಕೊಡ್ಸೋಣ್ವಾ' ಅಂತ. ನೀವು ಬಿಡ್ಲಿಲ್ಲ."

ವ್ಯಾಪಾರಕ್ಕೆ ಬರೆದಿಟ್ಟುಕೊಳ್ಳಬೇಕಾದ ಅಂಶ: ಸುಮ್ಮನೆ ಕುಳಿತವನ ಎದುರು ಪಟ್ಟು ತಾನೇ ಸಡಿಲವಾಗುತ್ತದೆ. ಒಳ್ಳೆಯ ಉಪಾಯ. ಮಂಡಿಯಲ್ಲೂ ಹಾಕಿ ನೋಡಬೇಕು.

ಅಕ್ಟೋಬರ್ ೨೪, ಶುಕ್ರವಾರ

ಪಟ್ಟಿ ಖಾಲಿಯಾಯಿತು. ಬೆಳಕಿಗೆ ಓರೆಯಾಗಿ ಹಿಡಿದರೆ ಹೂಗಳ ನೆರಳು ಒಂದು ಗುಲಗಂಜಿಯಷ್ಟು ಕಾಣುತ್ತದೆ, ಪೊರೆ ಮಾತ್ರ ಎಲ್ಲೂ ಕಿತ್ತಿಲ್ಲ. ಷಡ್ಡಕರು ಬೆರಳಿನಿಂದ ಸವರಿ, ಲೇಖನಿಯ ಮೊನೆ ಕೆತ್ತಿಕೊಂಡು, ಮಗಳು ಹೇಳಿದಂತೆ ಒಂದೇ ಸಾಲು ಬರೆದರು. ಶಾಯಿ ಹರಡಲಿಲ್ಲ. ಅವರು ಬರೆದು ಮುಗಿಸುವ ತನಕ ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ, ಬೆಕ್ಕಿನ ವಿಷಯ ಗೊತ್ತಿಲ್ಲ.

ಒರೆಸಿದ ಹತ್ತಿಯನ್ನೆಲ್ಲ ನಾದಿನಿ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಸುಟ್ಟು, ಬೂದಿಯನ್ನು ತೊಳೆದು ಬಸಿದರೆ ತಳದಲ್ಲಿ ಚಿನ್ನ ಹಾಗೇ ಕುಳಿತಿತ್ತು! ಇಂಥ ಕಸುಬನ್ನು ನಾನು ಇಷ್ಟು ದಿನ ಕಾರ್ಡಿಗೆ ಬಣ್ಣ ಹಚ್ಚುವುದು ಎಂದಿದ್ದೆನಲ್ಲ. ಆ ಚಿನ್ನದಿಂದಲೇ ಮಗಳ ಸಾಲು ಮುಗಿದಲ್ಲಿ ಒಂದು ಸಣ್ಣ ದುಂಡು ಹೂವು ಬರೆದೆ, ಮಾತು ಇಲ್ಲಿಗೆ ಮುಗಿಯಿತು ಎಂದು ತೋರಿಸುವ ಗುರುತು. ಅದರಾಚೆ ಇನ್ನೂ ಸ್ವಲ್ಪ ಜಾಗ ಉಳಿಯಿತು. ನಾದಿನಿ ನನ್ನ ಕುಂಚದ ಮೇಲೇ ಕಣ್ಣಿಟ್ಟಿದ್ದಳು. ಕುಂಚ ತೊಳೆದಿಟ್ಟೆ, ಕತ್ತು ನೋಯುತ್ತಿತ್ತು.

ನವೆಂಬರ್ ೭, ಶುಕ್ರವಾರ

ಮದುವೆ ಆಯಿತು.

ಬೆಳಿಗ್ಗೆ ಎದ್ದಾಗ ಗಂಟಲಿಂದ ಗಾಳಿ ಬಿಟ್ಟರೆ ಬೇರೇನೂ ಹೊರಡಲಿಲ್ಲ. ಭಾವಮೈದ ಹೊಸ ಅಂಗಿ ಹಾಕಿಕೊಂಡು, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾ ನನ್ನ ಸುತ್ತಲೇ ಸುಳಿದಾಡುತ್ತಿದ್ದ. ಕಾಜಿಯವರು ಪತ್ರ ಬಿಡಿಸಿದರು, ಚಿನ್ನದ ಹೊಳಪು ಅವರ ಮುಖಕ್ಕೆ ಬಿತ್ತು. ಬರಹ ಓದಿದರು. ಹೆಣ್ಣಿನ ಷರತ್ತು ಓದಿದರು: ಮದುವೆಯ ನಂತರವೂ ಲಿಫ್ಟಿನ ಕೆಲಸ ಮುಂದುವರಿಯುವುದು, ಕರೆ ಬಂದಾಗ ಹೋಗುವುದು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಮಂಡಿಯವರೆಲ್ಲ ಅಲ್ಲಿದ್ದರು. "ಆಫೀಸಲ್ಲಿದಾಳೆ ಅಂದಿದ್ರಲ್ಲಪ್ಪಾ ಕಹಳೆ?" ಎಂದು ಯಾರೋ ಎಂದರು.

ನನ್ನ ಸರದಿ. ಒಬ್ಬ ಮೈಕು ತಂದ. ಕೈ ಅಡ್ಡ ಹಿಡಿದೆ. ಕೂಗಲು ಹೋದರೆ ದನಿ ಕಡಿದುಹೋಗುತ್ತದೆ ಎಂದು ಗೊತ್ತಿತ್ತು. ಮೊದಲು ಒಂದು ದನಿಯಿಲ್ಲದ 'ಹಾ' ಬಿಟ್ಟೆ. ನಾದಿನಿ ಹೆಂಗಸರ ಕಡೆಯಿಂದ ನೋಡುತ್ತಿದ್ದಳು, ಎದುರಿಗೆ ರೇಕು ಇದೆಯೆಂಬಂತೆ ಅಂಗೈ ಚಾಚಿದಳು. 'ಹಾ'ದ ಬೆನ್ನಿಗೇ ದನಿ ಸಣ್ಣಗೆ ಬಂತು.

"ಈ ಹಾಳೇಲಿ ಬರೆದಿರೋ ಎಲ್ಲದರ ಸಮೇತ, ನನ್ನ ಮಗಳನ್ನ ನಿನಗೆ ನಿಕಾಹ್ ಮಾಡಿ ಕೊಟ್ಟೆ."

ಗುಸುಗುಸು ನಿಂತಿತ್ತು. ಯಾರೋ ಫ್ಯಾನು ಆರಿಸಿದ್ದರು. ಮಂಡಿಯ ಗಂಡಸರು ಕತ್ತು ಮುಂದೆ ಚಾಚಿ, ಕಿವಿಗೆ ಅಂಗೈ ಒಡ್ಡಿಕೊಂಡು ಕುಳಿತಿದ್ದರು. ನನ್ನ ಮಾತಿಗೆ ಅವರು ಕಿವಿ ಮುಚ್ಚಿಕೊಂಡಿದ್ದನ್ನೇ ಇಷ್ಟು ವರ್ಷ ನೋಡಿದ್ದು. ಹಿಂದಿನ ಸಾಲಿನ ಅರೆಕಿವುಡರಿಗೂ ಕೇಳಿಸಿತಂತೆ, ಆಮೇಲೆ ಹೇಳಿದರು. ಗಂಡು "ಒಪ್ಪಿದೆ" ಎಂದ. ಭಾವಮೈದ ಕೆಮ್ಮಿದ್ದು ದಂಡವಾಯಿತು.

ಮಗಳ ಕಣ್ಣಲ್ಲಿ ಕಂಡದ್ದನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ.

ನವೆಂಬರ್ ೯, ಭಾನುವಾರ

ಮನೆ ಖಾಲಿ ಖಾಲಿ. ಸಂಜೆ ನಾನೂ ಹೆಂಡತಿಯೂ ಜಗಲಿಯಲ್ಲಿ ಕುಳಿತಿದ್ದೆವು. ಮಂಡಿಯಿಂದ ಕರ್ಬೂಜ ಬಂದಿತ್ತು. ಹೆಚ್ಚಿ ತಂದಳು, ನನ್ನ ತಟ್ಟೆಗೆ ಹಾಕಿದಳು, ತನ್ನದನ್ನು ಮುಂದಿಟ್ಟುಕೊಂಡಳು.

"ಡಾಕ್ಟರು ಪೂರ್ತಿ ಬಿಟ್ಟಿದಾರಲ್ಲ ರೀ? ಬಂದಾಗಿಂದ ಒಂದು ಮಾತೂ ಆಡ್ಲಿಲ್ಲ ನೀವು."

"ನೀನು ಹೇಳು" ಎಂದೆ. ಗಂಟಲಿಗೆ ವಿಶ್ರಾಂತಿ ಬೇಕಿತ್ತು, ಅಷ್ಟೇ ಕಾರಣ.

ಅವಳು ಏನೋ ಹೇಳಲು ಹೊರಟು ನಿಲ್ಲಿಸಿದಳು. ನಾನು ಮಧ್ಯೆ ಬಾಯಿ ಹಾಕುತ್ತೇನೆಂದು ಕಾದಳೋ ಏನೋ. ಆಮೇಲೆ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

"ರೀ, ಬೇಜಾರು ಮಾಡ್ಕೋಬೇಡಿ. ಕರ್ಬೂಜ ನಂಗೆ ಸೇರೋದೇ ಇಲ್ಲ. ಮೊದಲ್ನೇ ಸಲ ತಂದಾಗ್ಲೇ ಹೇಳೋಕೆ ಬಾಯಿ ತೆಗ್ದಿದ್ದೆ."

ಎರಡು ತಟ್ಟೆಯನ್ನೂ ನಾನೇ ತಿಂದೆ. ಅವಳಿಗೆ ಯಾವ ಹಣ್ಣು ಇಷ್ಟ ಎಂದು ಕೇಳಿದ್ದೇನೆ. ಹೇಳುತ್ತಿದ್ದಾಳೆ, ಇನ್ನೂ ಮುಗಿದಿಲ್ಲ.